ದವಡೆ ಹಲ್ಲುಗಳ ಪೆಟ್ಟಿಗೆ

ಪೆಟ್ಟಿಗೆ ಕಳುವಾದ ಸುದ್ದಿ ಬಂದಾಗ ಮೇಷ್ಟ್ರು ಹಲ್ಲಿನ ಆಸ್ಪತ್ರೆಯ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಮಲಗಿದ್ದರು. ಬಾಯಿಗೆ ರಬ್ಬರಿನ ಹಾಳೆ ಬಿಗಿದಿತ್ತು. ಹಾಳೆಯ ತೂತಿನಿಂದ ಮೇಲಿನ ದವಡೆಯ ಒಂದೇ ಒಂದು ಹಲ್ಲು ಹೊರಗೆ ಇಣುಕುತ್ತಿತ್ತು. ಹೌದು ಅನ್ನಬೇಕಾದರೂ ಗೊರ್ ಅನ್ನಬೇಕು, ಅಲ್ಲ ಅನ್ನಬೇಕಾದರೂ ಗೊರ್ ಅನ್ನಬೇಕು. ಜೀವಮಾನವಿಡೀ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಬಾಯಿ ನಿವೃತ್ತಿಯಾದ ಮೇಲೆ ಹೀಗೆ ಒಡೆಯನ ಮೇಲೇ ತಿರುಗಿಬಿದ್ದಿತ್ತು.

ಆ ಹಲ್ಲಿಗೆ ಬೇರೆ ಕಡೆ ಒಮ್ಮೆ ರೂಟ್ ಕೆನಾಲ್ ಆಗಿತ್ತು. ಆದರೂ ನೋವು ಬಿಟ್ಟಿರಲಿಲ್ಲ. ತಿಂಗಳುಗಟ್ಟಲೆ ನೆಟ್ಟಗೆ ನಿದ್ದೆಯಿಲ್ಲದೆ ಮೇಷ್ಟ್ರ ಮುಖ ಹಿಂಡಿ ಒಣಹಾಕಿದ ಬಟ್ಟೆಯಂತಾಗಿತ್ತು. ಕೊನೆಗೆ ಹೆಂಡತಿಯೇ ಇಲ್ಲಿಗೆ ಎಳೆದುಕೊಂಡು ಬಂದಿದ್ದರು. ಅವರು ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ಊರಿಗೆಲ್ಲ ಇನ್ಸ್‌ಪೆಕ್ಟರಮ್ಮ. ಮಂಡಿನೋವಿನಿಂದ ಒಂದು ಮಹಡಿ ಹತ್ತುವಷ್ಟರಲ್ಲಿ ಸುಸ್ತಾಗಿ, ಈಗ ಅದೇ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಕಣ್ಣು ಮುಚ್ಚಿಕೊಂಡು ಕೂತಿದ್ದರು.

ಮೇಷ್ಟ್ರ ಹಲ್ಲು ನೋಡುತ್ತಿದ್ದ ಡಾಕ್ಟರನ್ನು ರೋಗಿಗಳು ಹೂಗೈ ಡಾಕ್ಟರು ಎನ್ನುತ್ತಿದ್ದರು. ಅವರು ಸೂಜಿ ಚುಚ್ಚಿದ್ದೇ ಗೊತ್ತಾಗುತ್ತಿರಲಿಲ್ಲ. ಸೂಕ್ಷ್ಮದರ್ಶಕದೊಳಗೆ ಕಣ್ಣಿಟ್ಟುಕೊಂಡೇ ಅವರು ಮೆಲ್ಲಗೆ ಮಾತಾಡುತ್ತಿದ್ದರು.

"ಈ ಹಲ್ಲಿನ ಬೇರುಗಳಲ್ಲಿ ಮೂರು ನಾಳ ಇರುತ್ತೆ ಅಂತ ಎಲ್ಲರೂ ಅಂದ್ಕೊಳ್ತಾರೆ ಮೇಷ್ಟ್ರೇ. ಎಷ್ಟೋ ಜನರಿಗೆ ನಾಲ್ಕನೆಯದೊಂದು ಇರುತ್ತೆ. ಕೂದಲೆಳೆಯಷ್ಟು ಸಣ್ಣದು, ಇನ್ನೊಂದರ ಬೆನ್ನ ಹಿಂದೆ ಅಡಗಿ ಕೂತಿರುತ್ತೆ. ಅದನ್ನ ಬಿಟ್ಟು ಉಳಿದದ್ದನ್ನ ಎಷ್ಟು ಚೆನ್ನಾಗಿ ತುಂಬಿದ್ರೂ ನೋವು ಹೋಗಲ್ಲ. ನಿಮ್ಮದೂ ಅದೇ ಕತೆ. ಇಗೋ, ಸಿಕ್ತು."

ಆ ನಾಳಕ್ಕೆ ಒಂದು ಸಣ್ಣ ಸೂಜಿ ಇಳಿಸಿ, ಎಕ್ಸ್‌ರೇ ತೆಗೆದು, ಪರದೆಯ ಮೇಲೆ ತೋರಿಸಿದರು. ಹಳೆಯ ತುಂಬಣದ ಗೆರೆಗಳು ಮಂದವಾಗಿ, ಬೆಳ್ಳಗೆ, ನುಣ್ಣಗೆ ಇದ್ದವು. ಹೊಸದಾಗಿ ಇಳಿಸಿದ ಸೂಜಿ ಮಾತ್ರ ಹೊಳೆಯುವ ಗೆರೆಯಾಗಿತ್ತು. ಅದರ ಅಂಚಿನುದ್ದಕ್ಕೂ ಸ್ಕ್ರೂವಿಗಿರುವಂಥ ಸುತ್ತು ಕಾಣುತ್ತಿತ್ತು.

ನರ್ಸ್ ಓಡಿಬಂದದ್ದು ಆಗಲೇ. "ಸರ್, ಸಂಶೋಧನೆಯ ಹಲ್ಲಿನ ಪೆಟ್ಟಿಗೆ ಕಾಣೆಯಾಗಿದೆಯಂತೆ. ಎಕ್ಸ್‌ರೇ ಮಾಮನೇ ತೆಗೆದಿರಬೇಕು ಅಂತ ದೊಡ್ಡ ಡಾಕ್ಟರು ಕೂಗಾಡ್ತಿದಾರೆ."

ಹೂಗೈ ಡಾಕ್ಟರ ಕೈ ಒಂದು ಕ್ಷಣ ನಿಂತಿತು. "ಮಾಮನಾ? ಛೆ, ಪಾಪ. ಅವರ ಹೆಂಡತಿ ಹಲ್ಲೂ ಅದೇ ಪೆಟ್ಟಿಗೇಲಿತ್ತು. ಅವರ್ಯಾಕೆ ಕದೀತಾರೆ?" ಎಂದರು. ಆಮೇಲೆ ಮೇಷ್ಟ್ರ ಹಲ್ಲಿಗೆ ತಾತ್ಕಾಲಿಕವಾಗಿ ಬಿಳಿ ಮುಲಾಮು ತುಂಬಿ, "ಉಳಿದದ್ದು ಮಧ್ಯಾಹ್ನ ಮುಗಿಸ್ತೀನಿ, ಇಲ್ಲೇ ಇರಿ" ಎಂದು ಕೈಗವಸು ಕಳಚುತ್ತಾ ಹೊರಟರು.

ಮೇಷ್ಟ್ರು ಎದ್ದು ಕೂತು ದವಡೆ ಒತ್ತಿಕೊಂಡರು. ಇನ್ಸ್‌ಪೆಕ್ಟರಮ್ಮ ಕಣ್ಣು ಬಿಟ್ಟಿದ್ದರು.

"ಏನೇ?" ಎಂದರು ಮೇಷ್ಟ್ರು.

"ಏನಿಲ್ಲ. ನೀವು ಬಾಯಿ ಮುಚ್ಚಿ, ಗಾಳಿ ಹೋಗುತ್ತೆ."

ಕಾರಿಡಾರಿನ ಬೆಂಚಿನಲ್ಲಿ ಅವರಿಬ್ಬರೂ ಕೂತು ಉಸಿರು ಬಿಡುವಷ್ಟರಲ್ಲಿ ಒಬ್ಬ ಹುಡುಗಿ ಎದುರಿಗೆ ಬಂದು ನಿಂತಳು. ಬಿಳಿ ಕೋಟು, ಅತ್ತು ಊದಿದ ಕಣ್ಣು. ಈ ವರ್ಷವಷ್ಟೇ ಆಸ್ಪತ್ರೆ ಸೇರಿದ ಚಿಕ್ಕ ಡಾಕ್ಟರಮ್ಮ ಅವಳು. ಪೆಟ್ಟಿಗೆ ಅವಳ ಸಂಶೋಧನೆಯದು.

"ಮೇಡಂ, ನೀವು ಇನ್ಸ್‌ಪೆಕ್ಟರಮ್ಮ ಅಲ್ವಾ? ದಯವಿಟ್ಟು ಒಂದ್ಸಲ ಬಂದು ನೋಡಿ. ಸಂಜೆ ಒಳಗೆ ಪೆಟ್ಟಿಗೆ ಸಿಗದಿದ್ರೆ ಮಾಮನ್ನ ಕೆಲಸದಿಂದ ತೆಗೀತೀನಿ ಅಂತಿದಾರೆ ದೊಡ್ಡ ಡಾಕ್ಟರು."

"ನಾನು ರಿಟೈರ್ ಆಗಿದೀನಮ್ಮ. ಇವರ ಹಲ್ಲು ತೋರಿಸೋಕೆ ಬಂದೋಳು. ನನಗೇ ಮಂಡಿ ಎತ್ತೋಕಾಗ್ತಿಲ್ಲ."

"ನನ್ನ ಸಂಶೋಧನೆ ಹೋದ್ರೆ ಹೋಗ್ಲಿ ಮೇಡಂ. ಮಾಮ ಆ ಥರದವರಲ್ಲ. ಒಂದು ಮಾತೂ ಆಡ್ತಿಲ್ಲ ಅವರು. ಸುಮ್ನೆ ಕೂತುಬಿಟ್ಟಿದಾರೆ."

ಇನ್ಸ್‌ಪೆಕ್ಟರಮ್ಮ ಉಸಿರೆಳೆದುಕೊಂಡು ಗಂಡನ ಭುಜ ಹಿಡಿದು ಎದ್ದರು. ಎಷ್ಟೋ ವರ್ಷಗಳಿಂದ ಮೇಷ್ಟ್ರಿಗೆ ಈ ಭುಜ ಹಿಡಿಯುವಿಕೆಯ ಅರ್ಥ ಗೊತ್ತು. ಇವತ್ತು ಮನೆಗೆ ಬೇಗ ಹೋಗುವುದಿಲ್ಲ ಎಂದು.

ಸಂಶೋಧನೆಯ ಕೋಣೆ ಕಾರಿಡಾರಿನ ಕೊನೆಯಲ್ಲಿತ್ತು. ಒಂದು ಕಬ್ಬಿಣದ ಬೀರು, ಎರಡು ಕಂಪ್ಯೂಟರು, ಹಲ್ಲು ಕೊಯ್ಯುವ ಸಣ್ಣ ಯಂತ್ರ, ಕಿಟಕಿಯ ಪಕ್ಕ ಉದ್ದನೆಯ ಮೇಜು. ಮೇಜಿನ ಮೇಲೆ ತಟ್ಟೆಗಳಲ್ಲಿ ಕೊಯ್ದಿಟ್ಟ ಹಲ್ಲುಗಳು ಸಣ್ಣ ಸಣ್ಣ ಮೂಲಂಗಿ ಬಿಲ್ಲೆಗಳಂತೆ ಸಾಲಾಗಿದ್ದವು. ಮೇಷ್ಟ್ರಿಗೆ ತಮ್ಮ ಹಲ್ಲು ಜುಮ್ಮೆಂದಿತು. ಮುಖ ತಿರುಗಿಸಿಕೊಂಡರು.

"ನಿನ್ನ ಸಂಶೋಧನೆ ಏನು ಅಂತ ನಂಗೆ ಅರ್ಥ ಆಗೋ ಹಾಗೆ ಹೇಳು. ನಾನು ದಡ್ಡಿ ಅಂತಲೇ ತಿಳ್ಕೋ" ಎಂದರು ಇನ್ಸ್‌ಪೆಕ್ಟರಮ್ಮ.

ಚಿಕ್ಕ ಡಾಕ್ಟರಮ್ಮ ಮೂಗು ಒರೆಸಿಕೊಂಡಳು. "ಅಡಗಿರೋ ನಾಳಾನ ಯಾವ ಚಿತ್ರ ಚೆನ್ನಾಗಿ ಹಿಡಿಯುತ್ತೆ ಅಂತ ನೋಡೋದು ಮೇಡಂ. ಕಿತ್ತ ದವಡೆ ಹಲ್ಲುಗಳನ್ನ ಒಟ್ಟುಮಾಡಿದ್ವಿ. ಬಾಗಿಲ ಹತ್ರ ಒಂದು ಜಾಡಿ ಇಟ್ಟು, ಯಾರು ಬೇಕಾದ್ರೂ ಹಾಕಿ ಅಂದ್ವಿ. ಎಲ್ಲಾನೂ ಕಲೆಸಿ, ಒಂದೊಂದನ್ನ ಮೇಣದಲ್ಲಿ ನಿಲ್ಲಿಸಿ, ಹೆಸರಿಲ್ಲದೆ ಬರೀ ನಂಬರ್ ಕೊಟ್ವಿ. ಒಂದೊಂದು ಹಲ್ಲಿಗೂ ನೇರವಾಗಿ ಒಂದು ಎಕ್ಸ್‌ರೇ, ಪಕ್ಕಕ್ಕೆ ತಿರುಗಿಸಿ ಇನ್ನೊಂದು ಎಕ್ಸ್‌ರೇ, ಆಮೇಲೆ ಸುತ್ತಲಿಂದ ಸ್ಕ್ಯಾನ್."

"ಯಾವುದು ಗೆಲ್ತಿದೆ?"

"ನೇರ ಎಕ್ಸ್‌ರೇಲಿ ಒಂದರ ಹಿಂದೆ ಒಂದು ಇದ್ರೆ ಎರಡೂ ಸೇರಿ ಒಂದೇ ಗೆರೆಯಾಗಿ ಕಾಣುತ್ತೆ. ತಿರುಗಿಸಿ ತೆಗೆದ್ರೆ ಬೇರೆ ಬೇರೆ ಆಗುತ್ತೆ, ಆದ್ರೆ ಯಾವಾಗಲೂ ಅಲ್ಲ. ಸ್ಕ್ಯಾನ್ ಎಲ್ಲಕ್ಕಿಂತ ವಾಸಿ. ಅದಕ್ಕೂ ಒಂದು ಕಾಟ ಇದೆ. ಹಲ್ಲಿನೊಳಗೆ ತುಂಬಣ, ಲೋಹ ಏನಾದ್ರೂ ಇದ್ರೆ ಅದರ ಸುತ್ತ ಬೆಳ್ಳಗೆ ಚೆಲ್ಲಾಡಿಬಿಡುತ್ತೆ, ಏನೂ ತಿಳಿಯಲ್ಲ. ಅದಕ್ಕೇ ಕೊನೆಗೆ ಹಲ್ಲನ್ನೇ ಕೊಯ್ದು ಒಳಗೆ ನಿಜವಾಗಿ ಎಷ್ಟು ನಾಳ ಇದೆ ಅಂತ ನೋಡೋದು. ಮೊದಲ ಪೆಟ್ಟಿಗೆಗಳೆಲ್ಲ ಕೊಯ್ದಾಯ್ತು, ಅವು ಇಲ್ಲೇ ಮೇಜಿನ ಮೇಲಿವೆ. ಕೊನೆಯ ಪೆಟ್ಟಿಗೆ ಇವತ್ತು ಕೊಯ್ಯಬೇಕಿತ್ತು. ಬೆಳಿಗ್ಗೆ ಬಂದು ಬೀರು ತೆಗೆದ್ರೆ ಇಲ್ಲ."

"ಬೀಗ ಒಡೆದಿದ್ರಾ?"

"ಇಲ್ಲ. ಕೀ ಬಾಗಿಲ ಹಿಂದಿನ ಮೊಳೇಲಿ ನೇತಾಡ್ತಿರುತ್ತೆ. ಎಲ್ಲರಿಗೂ ಗೊತ್ತು."

"ಕೊನೆಯ ಪೆಟ್ಟಿಗೆಯ ಚಿತ್ರಗಳು?"

"ಎಲ್ಲ ಕಂಪ್ಯೂಟರಲ್ಲೇ ಇವೆ. ಒಂದನ್ನೂ ಮುಟ್ಟಿಲ್ಲ."

"ಆ ಚಿತ್ರಗಳನ್ನ ಯಾರ್ಯಾರು ನೋಡಿದೀರಿ?"

"ನಾನು, ಹೂಗೈ ಸರ್. ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಬೇರೆ ಬೇರೆಯಾಗಿ ನೋಡಬೇಕು, ಅದು ನಿಯಮ. ಅವರು ನಿನ್ನೆ ಮಧ್ಯಾಹ್ನ ನೋಡಿ ಮುಗಿಸಿದ್ರು."

ಅಷ್ಟರಲ್ಲಿ ದೊಡ್ಡ ಡಾಕ್ಟರು ಬಂದರು. ವಿಭಾಗದ ಮುಖ್ಯಸ್ಥರು. ಬಿಳಿ ಮೀಸೆ, ದಪ್ಪ ಕನ್ನಡಕ, ಮೂಗಿನ ಮೇಲೇ ಕೂತಿರುವ ಕೋಪ.

"ಪೊಲೀಸರನ್ನ ಕರೆಸಿದೀಯಾ? ಒಳ್ಳೇದಾಯ್ತು. ಎಲ್ಲರಿಗೂ ಗೊತ್ತಿರೋ ವಿಷಯ ಇದು, ಪತ್ತೆ ಮಾಡೋಕೇನಿದೆ? ಸ್ಕ್ಯಾನೇ ವಾಸಿ ಅಂತ ಆದ್ರೆ ನನ್ನ ಎಕ್ಸ್‌ರೇ ಕೋಣೆ ಮುಚ್ತಾರೆ ಅಂತ ಅವನು ಹಾದಿ ಬೀದೀಲೆಲ್ಲ ಹೇಳ್ಕೊಂಡು ತಿರುಗ್ತಿದ್ದ. ನಿನ್ನೆ ಸಂಜೆ ಬೀರು ತೆಗೆದು ಕೈಯಾಡಿಸ್ತಿದ್ದಿದ್ದನ್ನ ನರ್ಸ್ ನೋಡಿದಾಳೆ."

"ನಿಮಗೂ ಈ ಸಂಶೋಧನೆ ಅಷ್ಟಾಗಿ ಹಿಡಿಸಿದ ಹಾಗಿಲ್ಲ" ಎಂದರು ಇನ್ಸ್‌ಪೆಕ್ಟರಮ್ಮ ಆಕಳಿಸುತ್ತಾ.

ದೊಡ್ಡ ಡಾಕ್ಟರು ಸಿಡುಕಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಹಿಡಿಸಲ್ಲ. ನಾನು ಕಲಿತದ್ದು ಮೂರು ನಾಳ. ನಾಲ್ಕನೆಯದನ್ನ ಹುಡುಕೋಕೆ ನಾನು ಹೋದವನೂ ಅಲ್ಲ, ಆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವನೂ ಅಲ್ಲ. ಈ ಮೇಜಿನ ಮೇಲಿರೋ ಬಿಲ್ಲೆಗಳನ್ನ ನೋಡಿದಾಗೆಲ್ಲ ನನ್ನ ರೋಗಿಗಳು ನೆನಪಾಗ್ತಾರೆ. ಹಿಡಿಸೋದು ಹೇಗಮ್ಮ?" ಎಂದು ಹೇಳಿ ಹೊರಟುಹೋದರು.

ಎಕ್ಸ್‌ರೇ ಮಾಮ ತಮ್ಮ ಕತ್ತಲೆ ಕೋಣೆಯಲ್ಲಿ, ಸೀಸದ ಏಪ್ರನ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಿವೃತ್ತಿಗೆ ಇನ್ನು ಸ್ವಲ್ಪವೇ ಕಾಲ ಉಳಿದಿದ್ದ ಮನುಷ್ಯ. ಮೇಷ್ಟ್ರು ಪಕ್ಕದಲ್ಲಿ ಕೂತರು. ಸುಸ್ತಾದವರಿಗೆ ಸುಸ್ತಾದವರ ಜೊತೆ ಮಾತು ಬೇಕಾಗುವುದಿಲ್ಲ.

"ಹಲ್ಲು ನೋವಾ ಮೇಷ್ಟ್ರೇ?" ಮಾಮನೇ ಕೇಳಿದರು.

"ಪ್ರಾಣ ತಿಂತಿದೆ ಮಾರಾಯ್ರೇ."

"ನನ್ನ ಹೆಂಡತೀನೂ ಹಾಗೇ ಹೇಳ್ತಿದ್ಲು." ಅಷ್ಟು ಹೇಳಿದ ಮೇಲೆ ಮಾಮನಿಗೆ ಮಾತು ತಡೆಯಲಾಗಲಿಲ್ಲ. "ಇಲ್ಲೇ ರೂಟ್ ಕೆನಾಲ್ ಮಾಡಿಸಿದ್ದು, ಎರಡು ವರ್ಷ ಆಯ್ತೇನೋ. ಮೊದಲು ದೊಡ್ಡ ಡಾಕ್ಟರು ಶುರುಮಾಡಿದ್ರು. ಆಮೇಲೆ ಹೂಗೈ ಡಾಕ್ಟರು ಮುಗಿಸಿದ್ರು. ನೋವು ಹೋಗ್ಲಿಲ್ಲ ಅಂತ ಮತ್ತೆ ಮತ್ತೆ ಬಂದ್ಲು. ಬಂದಾಗೆಲ್ಲ ನಾನೇ ಎಕ್ಸ್‌ರೇ ತೆಗೆದೆ. ಚಂದಕ್ಕಿತ್ತು. ಮೂರು ಗೆರೆ, ತುದಿವರೆಗೂ ತುಂಬಿದೆ. ನಾನು ಸಾವಿರಾರು ನೋಡಿದೀನಿ, ಅಷ್ಟು ಚಂದದ್ದು ಅಪರೂಪ. ಇನ್ನೇನು ನೋವು? ಮನಸ್ಸಿನ ಕಾಯಿಲೆ ಇರಬೇಕು, ಅದರ ಡಾಕ್ಟರ ಹತ್ರ ಕರ್ಕೊಂಡು ಹೋಗಿ ಅಂತ ಇಲ್ಲೇ ಹೇಳಿದ್ರು. ಕರ್ಕೊಂಡು ಹೋದೆ. ಮನೇಲಿ ನಮ್ಮಮ್ಮನೂ ಕೆಲಸ ತಪ್ಪಿಸಿಕೊಳ್ಳೋಕೆ ನಾಟಕ ಅಂದ್ರು. ಕೊನೆಗೆ ಇವಳೇ ಹಟಹಿಡಿದು ಹಲ್ಲು ಕೀಳಿಸಿಕೊಂಡ್ಲು."

"ಆಮೇಲೆ?"

"ನೋವು ನಿಂತುಹೋಯ್ತು. ಹಟ ಗೆದ್ದಿತಲ್ಲ, ನೋವು ಹೋಯ್ತು ಅಂದ್ರು ನಮ್ಮಮ್ಮ. ಕಿತ್ತ ಹಲ್ಲನ್ನ ನಾನು ಆ ಜಾಡಿಗೆ ಹಾಕಿಬಿಟ್ಟೆ. ಅವಳನ್ನ ಕೇಳಲಿಲ್ಲ. ಮೊನ್ನೆ ಗೊತ್ತಾಗಿ ಜಗಳ. ಒಳಗೇನಿತ್ತು ಅಂತ ನಾನು ನೋಡಬೇಕು, ನನ್ನ ಹಲ್ಲು ನನಗೆ ತಂದುಕೊಡಿ ಅಂದ್ಲು. ನಿನ್ನೆ ಸಂಜೆ ಬೀರು ತೆಗೆದು ಹುಡುಕಿದ್ದು ಅದಕ್ಕೇ."

"ಸಿಕ್ತಾ?" ಬಾಗಿಲಲ್ಲಿ ನಿಂತಿದ್ದ ಇನ್ಸ್‌ಪೆಕ್ಟರಮ್ಮ ಕೇಳಿದರು.

"ಎಲ್ಲಿ ಸಿಗುತ್ತೆ ಅಮ್ಮಾ? ಎಲ್ಲ ಕಲೆಸಿ ಮೇಣದಲ್ಲಿ ಹೂತಿದಾರೆ. ಈಗಾಗಲೇ ಕೊಯ್ದಿದ್ದರಲ್ಲಿ ಸೇರಿಹೋಯ್ತೋ, ಈ ಪೆಟ್ಟಿಗೇಲಿತ್ತೋ, ದೇವರಿಗೇ ಗೊತ್ತು. ಹಾಗೇ ಮುಚ್ಚಿಟ್ಟು ಮನೆಗೆ ಹೋದೆ."

"ಇದನ್ನ ದೊಡ್ಡ ಡಾಕ್ಟರಿಗೆ ಯಾಕೆ ಹೇಳಲಿಲ್ಲ?"

"ಹೆಂಡತಿಗೆ ಹುಚ್ಚು ಅಂತ ಆಸ್ಪತ್ರೆಗೆಲ್ಲ ಒಂದ್ಸಲ ಗೊತ್ತಾಗಿದೆ. ಅವಳ ಹೆಸರನ್ನ ಇನ್ನೊಂದ್ಸಲ ಎಲ್ಲರ ಬಾಯಿಗೆ ಹಾಕಲಾ?"

ಇನ್ಸ್‌ಪೆಕ್ಟರಮ್ಮ ಸಂಶೋಧನೆಯ ಕೋಣೆಗೆ ವಾಪಸು ಬಂದು ಕಂಪ್ಯೂಟರಿನ ಮುಂದೆ ಕೂತರು. "ಕೊನೆಯ ಪೆಟ್ಟಿಗೇಲಿ ಮೊದಲೇ ರೂಟ್ ಕೆನಾಲ್ ಆಗಿರೋ ಹಲ್ಲುಗಳು ಮಾತ್ರ ತೋರಿಸು" ಎಂದು ಚಿಕ್ಕ ಡಾಕ್ಟರಮ್ಮನಿಗೆ ಹೇಳಿದರು. ಅಂಥವು ಹೆಚ್ಚಿರಲಿಲ್ಲ. ಒಂದೊಂದರದೂ ನೇರ ಚಿತ್ರ ಎಡಕ್ಕೆ, ತಿರುಗಿಸಿದ ಚಿತ್ರ ಬಲಕ್ಕೆ ಬಂತು. ಮೇಷ್ಟ್ರಿಗೆ ಸುಮ್ಮನೆ ಕೂರಲಾಗಲಿಲ್ಲ. ಅವರೂ ಕುರ್ಚಿ ಎಳೆದುಕೊಂಡು ಬಗ್ಗಿ ನೋಡಿದರು.

ಒಂದು ಹಲ್ಲು ಬಹಳ ಚೆಂದವಿತ್ತು. ನೇರ ಚಿತ್ರದಲ್ಲಿ ಮೂರೇ ಗೆರೆ, ತುದಿಯವರೆಗೂ ನುಣ್ಣಗೆ. ತಿರುಗಿಸಿದ ಚಿತ್ರದಲ್ಲಿ ಒಂದು ಬೇರಿನ ಗೆರೆ ಎರಡಾಗಿತ್ತು. ನುಣುಪಾದ ಬಿಳಿ ಗೆರೆಯ ಪಕ್ಕದಲ್ಲಿ ಒಂದು ತುಂಡು ಗೆರೆ. ಗಿಡ್ಡ, ಸಪೂರ, ಉಳಿದವಕ್ಕಿಂತ ಹೊಳಪು.

"ಇದೇನು?"

"ತುಂಬಣ ಸ್ವಲ್ಪ ಪಕ್ಕಕ್ಕೆ ಸೋರಿದೆ ಅಂತ ಬರೆದಿದ್ದೆ ಮೇಡಂ. ಸ್ಕ್ಯಾನಲ್ಲಿ ನೋಡಿದ್ರೆ ಆ ಜಾಗವೆಲ್ಲ ಬೆಳ್ಳಗೆ ಚೆಲ್ಲಾಡಿತ್ತು. ಕೊಯ್ದಾಗ ಗೊತ್ತಾಗುತ್ತಲ್ಲ ಅಂತ ಬಿಟ್ಟೆ."

"ಸ್ವಲ್ಪ ದೊಡ್ಡದು ಮಾಡಮ್ಮ" ಎಂದರು ಮೇಷ್ಟ್ರು. ದೊಡ್ಡದಾಯಿತು. ತುಂಡು ಗೆರೆಯ ಅಂಚಿನಲ್ಲಿ ಸಣ್ಣ ಸಣ್ಣ ಸುತ್ತುಗಳಿದ್ದವು. "ಬೆಳಿಗ್ಗೆ ನನ್ನ ಹಲ್ಲಿಗೆ ಸೂಜಿ ಇಳಿಸಿ ತೆಗೆದ ಎಕ್ಸ್‌ರೇಲೂ ಹೀಗೇ ಇತ್ತಲ್ಲೇ. ಸ್ಕ್ರೂ ಥರ."

ಚಿಕ್ಕ ಡಾಕ್ಟರಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಮುಖ ಬಿಳಿಚಿಕೊಂಡಿತು. "ಸೂಜಿ ತುದಿ ಇದು. ಒಳಗೇ ಮುರಿದುಹೋಗಿದೆ."

ಇನ್ಸ್‌ಪೆಕ್ಟರಮ್ಮ ಮಂಡಿ ನೀವಿಕೊಂಡರು. ಗೆದ್ದ ಕಳೆ ಅವರ ಮುಖದಲ್ಲಿ ಇರಲಿಲ್ಲ. "ಮಾಮನ ಹೆಂಡತಿಯನ್ನ ಕರೆಸಿ. ಮಧ್ಯಾಹ್ನ ಎಲ್ಲರೂ ಇಲ್ಲಿ ಸೇರಲಿ" ಎಂದರು.

ಊಟದ ಹೊತ್ತು ಕಳೆದ ಮೇಲೆ ಎಲ್ಲರೂ ಬಂದರು. ದೊಡ್ಡ ಡಾಕ್ಟರು ಕುರ್ಚಿಯಲ್ಲಿ, ಹೂಗೈ ಡಾಕ್ಟರು ಕಿಟಕಿಗೆ ಒರಗಿ, ಮಾಮ ಗೋಡೆಗೆ ಒತ್ತಿಕೊಂಡು. ಅವರ ಹೆಂಡತಿ ಬಾಗಿಲ ಬಳಿ ನಿಂತಿದ್ದರು. ಬಟ್ಟೆ ಹೊಲಿಯುವವರು, ಸೆರಗಿಗೆ ಅಂಟಿದ್ದ ನೂಲಿನ ತುಂಡುಗಳನ್ನೂ ಕೊಡವಿಕೊಳ್ಳದೆ ಬಂದಿದ್ದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ನಾನು ನಿಧಾನವಾಗಿ ಹೇಳ್ತೀನಿ," ಎಂದು ಇನ್ಸ್‌ಪೆಕ್ಟರಮ್ಮ ಶುರುಮಾಡಿದರು. "ಸಂಶೋಧನೆ ಕೆಡಬೇಕು ಅನ್ನೋರು ಇಲ್ಲಿ ಇಬ್ಬರಿದ್ರು. ಒಬ್ಬರಿಗೆ ಕೆಲಸ ಹೋಗೋ ಭಯ, ಇನ್ನೊಬ್ಬರಿಗೆ ಹೆಸರು ಹೋಗೋ ಭಯ. ಬೇಜಾರು ಮಾಡ್ಕೋಬೇಡಿ ದೊಡ್ಡ ಡಾಕ್ಟರೇ, ನಿಮ್ಮ ಮೇಲೂ ಅನುಮಾನ ಬಂದಿತ್ತು. ಆದ್ರೆ ಕೊಯ್ದಿಟ್ಟ ಹಲ್ಲುಗಳೆಲ್ಲ ಮೇಜಿನ ಮೇಲೇ ಬಿದ್ದಿವೆ. ಸಂಶೋಧನೆಯ ಮುಕ್ಕಾಲು ಪಾಲು ಸತ್ಯ ಅಲ್ಲೇ ಇದೆ. ಕೆಡಿಸೋಕೆ ಬಂದೋರು ಅದನ್ನ ಬಿಟ್ಟು, ಬೀರು ತೆಗೆದು ಕೊನೆಯ ಪೆಟ್ಟಿಗೆ ಮಾತ್ರ ಯಾಕೆ ಒಯ್ತಾರೆ? ಚಿತ್ರಗಳನ್ನೂ ಮುಟ್ಟಿಲ್ಲ. ಅಂದ್ರೆ ಕಳ್ಳನಿಗೆ ಸಂಶೋಧನೆಯ ಭಯ ಇರಲಿಲ್ಲ, ಚಿತ್ರಗಳ ಭಯವೂ ಇರಲಿಲ್ಲ. ಕೊಯ್ಯೋದರ ಭಯ ಇತ್ತು. ಆ ಪೆಟ್ಟಿಗೇಲಿ ಯಾವುದೋ ಒಂದು ಹಲ್ಲು ಕೊಯ್ದ್ರೆ ಮಾತ್ರ ಗೊತ್ತಾಗೋ ವಿಷಯ ಒಂದಿತ್ತು."

"ಒಂದು ಹಲ್ಲು ಸಾಕಾಗಿದ್ರೆ ಪೆಟ್ಟಿಗೆಯೇ ಯಾಕೆ?" ದೊಡ್ಡ ಡಾಕ್ಟರು ಕೇಳಿದರು.

"ಒಂದನ್ನೇ ತೆಗೆದ್ರೆ ಎಲ್ಲರೂ ಆ ಒಂದರ ಚಿತ್ರಾನೇ ಹುಡುಕಿ ನೋಡ್ತಾರಲ್ಲ? ಪೆಟ್ಟಿಗೆ ಹೋದ್ರೆ ಸಂಶೋಧನೆ ಹಿಡಿಸದವರ ಕೋಪ ಅಂದ್ಕೊಳ್ತಾರೆ."

ಅವರು ಚಿಕ್ಕ ಡಾಕ್ಟರಮ್ಮನಿಗೆ ಸನ್ನೆ ಮಾಡಿದರು. ಪರದೆಯ ಮೇಲೆ ಆ ಚೆಂದದ ಹಲ್ಲು ಬಂತು. ಎಡಕ್ಕೆ ಮೂರು ಗೆರೆ. ಬಲಕ್ಕೆ ಮೂರು ಗೆರೆಯ ಜೊತೆ ಆ ತುಂಡು. ದೊಡ್ಡ ಡಾಕ್ಟರು ಎದ್ದು ಹತ್ತಿರ ಹೋದರು, ಕನ್ನಡಕ ಏರಿಸಿಕೊಂಡರು, ಬಂದು ಕೂತರು.

"ನೇರ ಎಕ್ಸ್‌ರೇಲಿ ತುಂಬಣದ ಹಿಂದೆ ಸೂಜಿ ಅಡಗಿದೆ. ಸ್ಕ್ಯಾನಲ್ಲಿ ಅದರ ಸುತ್ತ ಬೆಳ್ಳಗೆ ಚೆಲ್ಲಾಡಿ ಮುಚ್ಚಿಹೋಗಿದೆ. ತಿರುಗಿಸಿದ ಎಕ್ಸ್‌ರೇಲಿ ಕಾಣುತ್ತೆ, ಆದ್ರೆ ತುಂಬಣ ಸೋರಿದೆ ಅಂದ್ಕೊಳ್ಳಬಹುದು. ಗೊತ್ತಿರೋರು ಮಾತ್ರ ಗುರುತು ಹಿಡೀತಾರೆ. ಈಗ ಮುಖ್ಯವಾದ ಮಾತು. ಸೂಜಿ ಮುರಿದಿರೋದು ಎಲ್ಲಿ? ನಾಲ್ಕನೆಯ ನಾಳದಲ್ಲಿ. ಆ ನಾಳ ಇದೆ ಅಂತ ಗೊತ್ತಿಲ್ಲದವರ ಸೂಜಿ ಅಲ್ಲಿಗೆ ಹೋಗಲ್ಲ. ದೊಡ್ಡ ಡಾಕ್ಟರು ನಾಲ್ಕನೆಯದನ್ನ ಹುಡುಕೋಕೆ ಹೋದವರೇ ಅಲ್ಲ, ಅವರೇ ಹೇಳಿದ್ರು. ಈ ಮಗು ಆಸ್ಪತ್ರೆ ಸೇರಿದ್ದು ಈ ವರ್ಷ, ಹಲ್ಲಿನ ಕೆಲಸ ಎರಡು ವರ್ಷದ ಹಿಂದಿನದು. ಇದನ್ನ ಹುಡುಕಿ, ತೆರೆದು, ಸೂಜಿ ಇಳಿಸಿದವರು ಅಡಗಿದ ನಾಳ ಹುಡುಕೋದರಲ್ಲಿ ಪಳಗಿದವರು."

ಯಾರೂ ಕಿಟಕಿಯ ಕಡೆ ನೋಡಲಿಲ್ಲ. ಮೇಷ್ಟ್ರೂ ನೋಡಲಿಲ್ಲ. ಆ ಮೆತ್ತನೆಯ ಕೈ ಬೆಳಿಗ್ಗೆ ತಮ್ಮ ಬಾಯೊಳಗಿತ್ತು ಎಂಬುದು ನೆನಪಾಗಿ ಅವರು ಹಲ್ಲಿಗೆ ತುಂಬಿದ್ದ ಮುಲಾಮನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡರು.

"ಎರಡು ವರ್ಷದ ಹಿಂದಿನದು ಅಂತ ನಿಮಗೆ ಹೇಗೆ ಗೊತ್ತು ಮೇಡಂ?" ಹೂಗೈ ಡಾಕ್ಟರು ತಗ್ಗಿದ ದನಿಯಲ್ಲಿ ಕೇಳಿದರು. "ಹಲ್ಲಿಗೆ ಹೆಸರೇ ಇಲ್ಲ. ಎಲ್ಲಿಂದಲೋ ಬಂದಿರಬಹುದು."

"ಅದನ್ನ ಹೇಳಿದ್ದು ನೀವೇ ಡಾಕ್ಟರೇ. ಬೆಳಿಗ್ಗೆ ನರ್ಸ್ ಬಂದು ಪೆಟ್ಟಿಗೆ ಕಾಣೆಯಾಗಿದೆ ಅಂದಾಗ, ಮಾಮನ ಹೆಂಡತಿ ಹಲ್ಲೂ ಅದೇ ಪೆಟ್ಟಿಗೇಲಿತ್ತು ಅಂದ್ರಿ. ಮಾಮ ಅದನ್ನ ಜಾಡಿಗೆ ಹಾಕಿದ್ರು, ನಿಜ. ಜಾಡಿ ಕಲೆಸಿ, ಎಷ್ಟೋ ಪೆಟ್ಟಿಗೆ ಮಾಡಿ, ಬರೀ ನಂಬರ್ ಹಾಕಿದ್ರು. ಯಾವ ಪೆಟ್ಟಿಗೇಲಿದೆ ಅಂತ ಈ ಮಗುಗೂ ಗೊತ್ತಿರಲಿಲ್ಲ. ಬೀರು ತೆಗೆದು ಹುಡುಕಿದ ಮಾಮನಿಗೂ ಸಿಗಲಿಲ್ಲ. ನಿಮಗೊಬ್ಬರಿಗೆ ಹೇಗೆ ಗೊತ್ತಾಯ್ತು? ನಿನ್ನೆ ಮಧ್ಯಾಹ್ನ ಚಿತ್ರಗಳನ್ನ ನೋಡ್ತಾ ನಿಮ್ಮದೇ ಕೈಕೆಲಸ ನಿಮ್ಮ ಕಣ್ಣಿಗೆ ಬಿತ್ತು. ಮಾಮನ್ನ ಕಾಪಾಡೋಕೆ ಅಂತಲೇ ಆ ಮಾತು ಆಡಿದ್ರಿ. ಅದು ನನಗೂ ಅರ್ಥ ಆಯ್ತು."

ಹೂಗೈ ಡಾಕ್ಟರು ಮುಖ ಒರೆಸಿಕೊಂಡರು. ವಾದ ಮಾಡುವ ಶಕ್ತಿ ಅವರಲ್ಲಿ ಇದ್ದಂತಿರಲಿಲ್ಲ.

"ಆವತ್ತು ಬೆಳಗಿನಿಂದ ರೋಗಿಗಳು. ಕಣ್ಣು ಉರೀತಿತ್ತು," ಎಂದರು. "ಕೊನೆಯವರು ಅವರು. ನಾಲ್ಕನೆಯದು ಸಿಕ್ತು, ಖುಷಿಯಾಯ್ತು. ಸೂಜಿ ಸ್ವಲ್ಪ ಜೋರಾಗಿ ತಿರುಗಿಸಿದೆ. ಟಿಕ್ ಅಂತು. ಸೂಜಿ ಮುರಿಯೋದು ತಪ್ಪಲ್ಲ, ಯಾರ ಕೈಲಾದ್ರೂ ಮುರಿಯುತ್ತೆ. ಆಗಲೇ ಹೇಳಿದ್ರೆ ಇನ್ನೊಂದ್ಸಲ ಕೂರಿಸಿ ತೆಗೀಬಹುದಿತ್ತು. ಹೇಳಲಿಲ್ಲ. ಮೇಲೆ ತುಂಬಿ ಮುಚ್ಚಿದೆ. ಎಕ್ಸ್‌ರೇಲಿ ಚೆನ್ನಾಗಿ ಬಂತು. ಚೆನ್ನಾಗಿ ಬಂದುಬಿಟ್ಟಿತಲ್ಲ, ಅದೇ ಆಗಿದ್ದು. ಅವರು ನೋವು ಅಂತ ಬಂದಾಗ ಆ ಎಕ್ಸ್‌ರೇ ತೋರಿಸಿದೆ. ಮತ್ತೆ ಬಂದ್ರು, ಮತ್ತೆ ತೋರಿಸಿದೆ. ಒಂದು ಸಲ ಸುಳ್ಳು ಹೇಳಿದ ಮೇಲೆ, ಅವರಿಗೆ ತಲೆ ಸರಿಯಿಲ್ಲ ಅನ್ನದೆ ನನಗೆ ಬೇರೆ ದಾರಿ ಉಳಿಯಲಿಲ್ಲ."

"ಪೆಟ್ಟಿಗೆ ಎಲ್ಲಿದೆ?" ದೊಡ್ಡ ಡಾಕ್ಟರು ಕೇಳಿದರು.

"ನನ್ನ ಕೋಣೇಲಿ, ಕೈ ತೊಳೆಯೋ ಬೇಸಿನ್ ಕೆಳಗಿನ ಕಪಾಟಲ್ಲಿ. ಒಂದೂ ಹಾಳಾಗಿಲ್ಲ. ಆ ಹಲ್ಲನ್ನಾದ್ರೂ ಎಸೀಬೇಕು ಅಂದ್ಕೊಂಡೆ. ಎಸೆಯೋಕೆ ಕೈ ಬರಲಿಲ್ಲ."

ಚಿಕ್ಕ ಡಾಕ್ಟರಮ್ಮ ಓಡಿಹೋಗಿ ಪೆಟ್ಟಿಗೆ ತಂದಳು. ಆ ಹಲ್ಲನ್ನು ಯಂತ್ರಕ್ಕೆ ಸಿಕ್ಕಿಸಿದಳು. ದೊಡ್ಡ ಡಾಕ್ಟರು ಎದ್ದು ಬಂದು, "ನೀರು ಬಿಡು, ನಿಧಾನ" ಎಂದು ಪಕ್ಕದಲ್ಲಿ ನಿಂತರು. ಯಂತ್ರ ಕಿರ್ರೆಂದಿತು. ಮೇಷ್ಟ್ರು ತಮ್ಮ ದವಡೆ ಹಿಡಿದುಕೊಂಡು ಕಣ್ಣು ಮುಚ್ಚಿದರು. ಕೊಯ್ದು ತೆಗೆದ ಬಿಲ್ಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ದೊಡ್ಡ ಡಾಕ್ಟರೇ ಮೊದಲು ಕಣ್ಣಿಟ್ಟರು. ಬಹಳ ಹೊತ್ತು ನೋಡಿ ಹಿಂದೆ ಸರಿದರು. ಆಮೇಲೆ ಬಾಗಿಲ ಬಳಿ ನಿಂತಿದ್ದ ಹೆಂಗಸಿನ ಕಡೆ ತಿರುಗಿದರು.

"ಬಾಮ್ಮ. ನೀನು ನೋಡು. ನಿನ್ನ ಹಲ್ಲು ಇದು."

ಅವರು ಬಂದು ಬಗ್ಗಿ ನೋಡಿದರು. ಹಳದಿ ಬಿಲ್ಲೆಯೊಳಗೆ ನಾಲ್ಕು ಚುಕ್ಕೆಗಳಿದ್ದವು. ಮೂರರಲ್ಲಿ ಕೆಂಪನೆಯ ತುಂಬಣ. ನಾಲ್ಕನೆಯದು ಸಾಸಿವೆಗಿಂತ ಸಣ್ಣದು, ಅದರ ನಡುವೆ ಉಕ್ಕು ಮಿನುಗುತ್ತಿತ್ತು, ಸುತ್ತಲೂ ಕಪ್ಪಗೆ ಕೊಳೆತಿತ್ತು.

"ಹಾಗಾದ್ರೆ ನನಗೆ ನಿಜವಾಗ್ಲೂ ನೋಯ್ತಿತ್ತು" ಎಂದರು.

ಅವರು ಅದನ್ನು ಯಾರಿಗೂ ಹೇಳಿದಂತಿರಲಿಲ್ಲ. ತಮಗೆ ತಾವೇ ಹೇಳಿಕೊಂಡಂತಿತ್ತು. ಇಷ್ಟು ದಿನ ತಮ್ಮ ಮೇಲೆ ತಮಗೇ ಅನುಮಾನ ಬರುವಷ್ಟು ಅವರನ್ನು ಎಲ್ಲರೂ ಸೇರಿ ಸವೆಸಿಬಿಟ್ಟಿದ್ದಾರೆ ಎಂದು ಮೇಷ್ಟ್ರಿಗೆ ಆಗ ಹೊಳೆಯಿತು. ಹೂಗೈ ಡಾಕ್ಟರು ಕೈಜೋಡಿಸಿದರು. ಮಾಮನ ಹೆಂಡತಿ ಆ ಕಡೆ ನೋಡಲೂ ಇಲ್ಲ.

ಹೂಗೈ ಡಾಕ್ಟರನ್ನು ಕರೆದುಕೊಂಡು ದೊಡ್ಡ ಡಾಕ್ಟರು ಆಡಳಿತ ಕಚೇರಿಗೆ ಹೋದರು. ಹೋಗುವ ಮುಂಚೆ ಮಾಮನ ಮುಂದೆ ನಿಂತು, "ನಾನು ಬಾಯಿಗೆ ಬಂದದ್ದು ಅಂದೆ, ಮನಸ್ಸಲ್ಲಿಟ್ಕೋಬೇಡಿ" ಎಂದರು. ಮೇಷ್ಟ್ರಿಗೆ, "ನಿಮ್ಮ ಹಲ್ಲನ್ನ ನಾಳೆ ಈ ಹುಡುಗಿ ಮುಗಿಸ್ತಾಳೆ, ನಾನು ಪಕ್ಕದಲ್ಲಿರ್ತೀನಿ" ಎಂದರು. ಮಾಮನ ಕಣ್ಣೆಲ್ಲ ಹೆಂಡತಿಯ ಮೇಲಿತ್ತು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಇನ್ಸ್‌ಪೆಕ್ಟರಮ್ಮ ಮಂಡಿಗಾಗಿ ಒಂದೊಂದೇ ಮೆಟ್ಟಿಲು ನಿಂತು ನಿಂತು ಇಳಿಯುತ್ತಿದ್ದರು. ಮೇಷ್ಟ್ರು ಭುಜ ಕೊಟ್ಟಿದ್ದರು.

"ಆ ಡಾಕ್ಟರು ಒಳ್ಳೆಯವರು ಅಂದ್ಕೊಂಡಿದ್ದೆ ಕಣೇ."

"ಒಳ್ಳೆಯವರೇ ರೀ. ಅದಕ್ಕೇ ಸಿಕ್ಕಿಬಿದ್ರು. ಕೆಟ್ಟವರಾಗಿದ್ರೆ ಮಾಮನ ಪರ ಮಾತಾಡ್ತಾನೇ ಇರಲಿಲ್ಲ." ಅವರ ದನಿಯಲ್ಲಿ ಸಮಾಧಾನ ಇರಲಿಲ್ಲ.

ಕೆಳಗೆ ಗೇಟಿನ ಹತ್ತಿರ ಮಾಮ ಮತ್ತು ಅವರ ಹೆಂಡತಿ ನಿಂತಿದ್ದರು. ಇಬ್ಬರ ನಡುವೆ ಒಬ್ಬರು ನಡೆದುಹೋಗುವಷ್ಟು ಜಾಗವಿತ್ತು. ಮಾಮ ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದರು. "ನಾನೇ ತೆಗೆದ ಎಕ್ಸ್‌ರೇ. ಅದನ್ನ ನಂಬಿದೆ, ನಿನ್ನನ್ನ ನಂಬಲಿಲ್ಲ" ಎಂದದ್ದು ಮಾತ್ರ ಮೇಷ್ಟ್ರಿಗೆ ಕೇಳಿಸಿತು.

ಅವರ ಹೆಂಡತಿ ಅತ್ತಿರಲಿಲ್ಲ. ಸೆರಗಿನ ಮೇಲಿನ ನೂಲಿನ ತುಂಡೊಂದನ್ನು ಹೆಕ್ಕಿ ತೆಗೆದು ಬಿಸಾಡಿದರು.

"ನನ್ನ ಹತ್ರ ಹೇಳಿ ಏನು ಪ್ರಯೋಜನ?" ಎಂದರು. "ನಡೀರಿ ಮನೆಗೆ. ನಿಮ್ಮಮ್ಮಂಗೆ ನೀವೇ ಹೇಳಿ. ನಾನು ಹೇಳಿದ್ರೆ ಅವರು ನಂಬಲ್ಲ."